ಸಭಾಪಾಲಕ ಉತ್ತಂಗಿ ಚನ್ನಪ್ಪನವರ ಜೀವನ ಚರಿತ್ರೆ

ಬಹು ವರುಷಗಳ ವರೆಗೆ ಸಭೆಯನ್ನು ಪಾಲಿಸಿದ ಬೋಧಕನು ತನ್ನ ಕೋಲನ್ನು ಮತ್ತೊಬ್ಬನ ಕೈಗೆ ಒಪ್ಪಿಸಿ ಹೊರಡುವ ದಿನವು ಹಳ್ಳಿಯ ಸಭೆಗೆ ಅಲ್ಪವಾದ ದಿನವಲ್ಲ. ದೀಕ್ಷಾಸ್ನಾನದ ಪುಸ್ತಕ, ಮದುವೆಯ ಪುಸ್ತಕ, ಸಮಾಧಿಯ ಪುಸ್ತಕ, ಈ ಮೂರನ್ನೂ ಅವನು ಹೊಸಬನ ಮುಂದೆ ಇಡುವನು. ಅವುಗಳಲ್ಲಿ ಬರೆದಿರುವ ಹೆಸರುಗಳಲ್ಲಿ ಎಷ್ಟೋ ಹೆಸರುಗಳು ಅವನ ಕೈಯಿಂದಲೇ ಬರೆಯಲ್ಪಟ್ಟವು. ಯಾವ ಮನೆಯಲ್ಲಿ ಕಲಹವಿತ್ತು, ಯಾವ ಮನೆಯಲ್ಲಿ ಸಾಲವಿತ್ತು, ಯಾವ ತಾಯಿಯು ಮಗನಿಗಾಗಿ ಅತ್ತಳು ಎಂಬದು ಆ ಪುಸ್ತಕಗಳಲ್ಲಿ ಇರುವದಿಲ್ಲ. ಅದು ಅವನ ಎದೆಯಲ್ಲಿ ಇರುವದು. ಸಭಿಕರು ಮಾಲೆಯನ್ನು ಹಾಕಿ, ಪ್ರಾರ್ಥನೆ ಮಾಡಿ, ಊರ ಅಗಸೆಯ ವರೆಗೆ ಅವನನ್ನು ಕಳುಹಿಸಿ ಬರುವರು. ಬಳಿಕ ಎರಡು ಪ್ರಶ್ನೆಗಳು ಉಳಿಯುವವು. ಹೋದವನಿಂದ ಸಭೆಗೆ ಉಳಿದದ್ದೇನು? ಮಂದೆಯಿಲ್ಲದ ಕುರುಬನು ಮುಂದೆ ಏನು ಮಾಡಬೇಕು?

ಈ ಪ್ರಶ್ನೆಗಳಿಗೆ ಉತ್ತರವನ್ನು ಬಯಸುವವರು ಉತ್ತಂಗಿ ಚನ್ನಪ್ಪನವರ ಜೀವನವನ್ನು ತಿಳಿದುಕೊಳ್ಳುವದು ಒಳ್ಳೇದು. ಅವರು ಬಾಸೆಲ್ ಮಿಶನ್ ಸಭೆಗಳಲ್ಲಿ ಪಾದ್ರಿಗಳಾಗಿದ್ದು, 1962ನೆಯ ಇಸವಿಯಲ್ಲಿ ಈ ಲೋಕವನ್ನು ಬಿಟ್ಟವರು. ಕನ್ನಡ ನಾಡು ಅವರನ್ನು ಹೆಚ್ಚಾಗಿ ನೆನಸುವದು ಸರ್ವಜ್ಞನ ವಚನಗಳನ್ನು ಕೂಡಿಸಿ ಅಚ್ಚು ಹಾಕಿಸಿದವರೆಂದು. ಚಿಕ್ಕೇರೂರು, ಹಿರೇಕೆರೂರು, ಹಾನಗಲ್ಲು, ಶಿಗ್ಗಾಂವಿ, ಸವಣೂರು ಸೀಮೆಯ ಜನರಿಗೆ ಈ ಚರಿತ್ರೆಯು ದೂರದ್ದಲ್ಲ. ಸರ್ವಜ್ಞನ ಹುಟ್ಟೂರೆಂದು ಹೇಳಲ್ಪಡುವ ಅಬಲೂರು ಹಿರೇಕೆರೂರ ಸೀಮೆಯ ಊರು; ಅವನ ತಂದೆಯ ಊರಾದ ಮಾಸೂರೂ ಅದೇ ಸೀಮೆಯದು. ನಮ್ಮ ಹೊಲಗಳಲ್ಲಿ ಬಿದ್ದಿದ್ದ ಕಾಳನ್ನು ಆಯ್ದು ಕಣಜಕ್ಕೆ ತುಂಬಿದ ಮನುಷ್ಯನ ಕಥೆಯನ್ನು ನಾವು ಕೇಳದೆ ಯಾರು ಕೇಳಬೇಕು?

ಚನ್ನಪ್ಪನವರು 1881ನೆಯ ಇಸವಿಯ ಅಕ್ಟೋಬರ 28ನೆಯ ತಾರೀಖಿನಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಂದೆಯ ಹೆಸರು ದಾನಿಯೇಲಪ್ಪ, ತಾಯಿಯ ಹೆಸರು ಸುಭಕ್ತವ್ವ. ಅವರ ಹಿರಿಯರ ಊರು ಹೂವಿನಹಡಗಲಿ ತಾಲೂಕಿನ ಉತ್ತಂಗಿ. ಆ ಕಾಲದಲ್ಲಿ ಅದು ಮದ್ರಾಸ ಇಲಾಖೆಯ ಬಳ್ಳಾರಿ ಜಿಲ್ಲೆಯಲ್ಲಿತ್ತು. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಹಿರಿಯರು ಊರನ್ನು ಬಿಟ್ಟರೂ ಊರಿನ ಹೆಸರು ಮನೆತನವನ್ನು ಬಿಡಲಿಲ್ಲ. ಆ ಮನೆಯ ಹೆಸರುಗಳನ್ನು ನೋಡಿರಿ. ತಂದೆಯ ಹೆಸರಿನಲ್ಲಿ ಬಾಬೆಲಿನ ಸೆರೆಯಲ್ಲಿದ್ದ ಪ್ರವಾದಿಯ ಹೆಸರಿಗೆ ಕನ್ನಡದ ಅಪ್ಪನು ಕೂಡಿಕೊಂಡಿದ್ದಾನೆ. ತಾಯಿಯ ಹೆಸರು ಯಾವ ಹಳ್ಳಿಯ ಶಿವಭಕ್ತರ ಮನೆಯಲ್ಲಿಯಾದರೂ ಕೇಳಬರುವಂಥದು. ಮಗನಿಗೆ ಇಟ್ಟದ್ದು ಚನ್ನಪ್ಪನೆಂಬ ಅಚ್ಚಗನ್ನಡದ ಹೆಸರು. ಹೊಸ ನಂಬಿಕೆಗೆ ಬಂದ ಆ ಕುಟುಂಬವು ಹಳೇ ನುಡಿಯನ್ನು ಮನೆಯ ಹೊರಗೆ ಹಾಕಿರಲಿಲ್ಲ. ಆ ಹುಡುಗನು ಮುಂದೆ ಮಾಡಿದ ಕೆಲಸದ ಬೀಜವು ಅಲ್ಲಿಯೇ ಇತ್ತೆಂದು ಹೇಳಬಹುದು.

ಧಾರವಾಡಕ್ಕೆ ಬಾಸೆಲ್ ಮಿಶನರಿಗಳು ಬಂದು ಆಗಲೇ ನಾಲ್ಕು ದಶಕಗಳು ಕಳೆದಿದ್ದವು. ಸ್ವಿತ್ಸರ್ಲಂಡ್ ದೇಶದ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಆ ಸಂಘದವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಘಟ್ಟ ಹತ್ತಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಬೆಟಗೇರಿಯಲ್ಲಿಯೂ ನೆಲೆ ಮಾಡಿಕೊಂಡರು. ಅವರು ಗುಡಿ ಕಟ್ಟುವ ಮುಂಚೆ ಶಾಲೆ ಕಟ್ಟಿದರು. ಶಾಲೆ ಕಟ್ಟುವ ಮುಂಚೆ ಭಾಷೆಯನ್ನು ಕಲಿತರು. ಪುರಾತನ ಕಾವ್ಯಗಳನ್ನು ಅಚ್ಚು ಹಾಕಿಸಿದ ಮೋಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲ್, ಇವರೆಲ್ಲರೂ ಆ ಸಂಘದವರೇ. ಚನ್ನಪ್ಪನವರು ಮಿಶನ್ ಶಾಲೆಯಲ್ಲಿಯೇ ಓದಿದರು. ಕಿಟ್ಟೆಲರ ನಿಘಂಟು ಹೊರಟಾಗ ಅವರಿಗೆ ಹದಿಮೂರು ವರುಷದ ಪ್ರಾಯ.

ಅದೇ ಧಾರವಾಡದಲ್ಲಿ ಒಂದು ವರುಷ ಮುಂಚೆ, 1880ರ ಜುಲೈಯಲ್ಲಿ, ಮತ್ತೊಂದು ಮಗು ಹುಟ್ಟಿತ್ತು. ಆ ಮಗುವೇ ಮುಂದೆ ವಿಜಯಪುರದಲ್ಲಿ ವಕೀಲರಾಗಿದ್ದು, ಊರೂರು ತಿರುಗಿ ಶಿವಶರಣರ ವಚನಗಳ ತಾಡವೋಲೆಗಳನ್ನು ಕೂಡಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಒಂದೇ ಊರಿನ ನೀರು ಕುಡಿದ ಈ ಇಬ್ಬರು, ಒಬ್ಬರು ಲಿಂಗವಂತ ವಕೀಲರು, ಒಬ್ಬರು ಕ್ರೈಸ್ತ ಪಾದ್ರಿಗಳು, ಮರೆತುಹೋಗುತ್ತಿದ್ದ ಮಾತನ್ನು ಉಳಿಸುವದರಲ್ಲಿ ತಮ್ಮ ಆಯುಷ್ಯವನ್ನು ಸವೆಸಿದರು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲನೆಯ ಭಾಗವು 1923ರಲ್ಲಿ ಹೊರಟಿತು. ಚನ್ನಪ್ಪನವರ ಸರ್ವಜ್ಞ ವಚನಗಳು 1924ರಲ್ಲಿ ಹೊರಟವು.

ಶಾಲೆಯನ್ನು ಮುಗಿಸಿದ ಬಳಿಕ ಚನ್ನಪ್ಪನವರು ಬೋಧಕರಾಗುವದಕ್ಕೆ ಮಂಗಳೂರಿನ ಬಲ್ಮಠ ಗುಡ್ಡದ ಮೇಲಣ ದೈವಜ್ಞಾನದ ಪಾಠಶಾಲೆಗೆ ಹೋದರು. ಈಗ ಅದೇ ಬಲ್ಮಠದಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ನಡೆಯುತ್ತದೆ. ಬಯಲುಸೀಮೆಯ ಜೋಳದ ರೊಟ್ಟಿಯನ್ನುಂಡು ಬೆಳೆದ ಹುಡುಗನು ಸಮುದ್ರದ ಗಾಳಿಯಲ್ಲಿ, ತೆಂಗಿನ ತೋಟಗಳ ನಡುವೆ ಕೂತು ಸತ್ಯವೇದವನ್ನೂ ಸಭಾಚರಿತ್ರೆಯನ್ನೂ ಅಭ್ಯಾಸ ಮಾಡಿದನು. ಬಳಿಕ ತನ್ನ ಸೀಮೆಗೆ ತಿರಿಗಿ ಬಂದು ಸುವಾರ್ತೆಯನ್ನು ಸಾರುವ ಕೆಲಸಕ್ಕೆ ಕೈ ಹಚ್ಚಿದನು.

ಆ ದಿನಗಳಲ್ಲಿ ಬೋಧಕನ ಕೆಲಸವು ಹೇಗಿತ್ತೆಂಬದನ್ನು ಇಂದಿನ ಯೌವನಸ್ಥರು ಊಹಿಸಿಕೊಳ್ಳಬೇಕು. ಆದಿತ್ಯವಾರ ಪ್ರಸಂಗ, ವಾರದ ದಿನಗಳಲ್ಲಿ ಮನೆಮನೆಯ ಭೇಟಿ, ರೋಗಿಯ ಹಾಸಿಗೆಯ ಬಳಿಯಲ್ಲಿ ಪ್ರಾರ್ಥನೆ, ಶಾಲೆಯ ಮಕ್ಕಳಿಗೆ ಪಾಠ, ಸಭಿಕರ ವ್ಯಾಜ್ಯಕ್ಕೆ ಪಂಚಾಯತಿ. ಇವುಗಳ ಹೊರತಾಗಿ ಸಂತೆ, ಜಾತ್ರೆ, ಹಳ್ಳಿಯ ಚಾವಡಿಗಳಿಗೆ ಹೋಗಿ ನಿಂತು ಮಾತಾಡಬೇಕಾಗಿತ್ತು. ಬಂಡಿ ಸಿಕ್ಕರೆ ಬಂಡಿ, ಇಲ್ಲವಾದರೆ ಕಾಲ್ನಡಿಗೆ. ಕರೀ ಮಣ್ಣಿನ ಸೀಮೆಯಲ್ಲಿ ಮಳೆಗಾಲದ ದಾರಿ ಎಂಥದೆಂಬದು ನಮ್ಮವರಿಗೆ ಹೇಳಬೇಕಾದದ್ದಿಲ್ಲ.

ಹೀಗೆ ಹಳ್ಳಿಗಳಲ್ಲಿ ಸಾರುವವನಿಗೆ ಒಂದು ಸಂಗತಿಯು ಬೇಗನೆ ತಿಳಿದುಬರುವದು. ಕೇಳುವ ಜನರು ಬರೀ ಕೈಯವರಲ್ಲ. ಬೋಧಕನು ದಾನದ ಮಾತನ್ನೆತ್ತಿದರೆ ಮುದುಕನೊಬ್ಬನು ದಾನದ ಮೇಲೆ ಮೂರು ಸಾಲಿನ ಪದವನ್ನು ಹೇಳುವನು. ಗುರುವಿನ ಮಾತನ್ನೆತ್ತಿದರೆ ಗುರುವಿನ ಮೇಲೆ ಮತ್ತೊಂದು. ಜಾತಿಯ ಹೆಮ್ಮೆಯನ್ನು ಖಂಡಿಸಿದರೆ ಅದಕ್ಕೂ ಒಂದು. ಅಕ್ಷರ ಬಾರದ ಒಕ್ಕಲಿಗನ ಬಾಯಲ್ಲಿಯೂ ಸರ್ವಜ್ಞನು ಇದ್ದನು. ಕೆಲವು ಬೋಧಕರಿಗೆ ಇದು ಅಡ್ಡಿಯಾಗಿ ತೋರಿತು. ಚನ್ನಪ್ಪನವರಿಗೆ ಇದು ಬಾಗಿಲಾಗಿ ತೋರಿತು. ಜನರಿಗೆ ಕಲಿಸಲು ಹೋದವರು ಜನರಿಂದ ಕಲಿಯಲಾರಂಭಿಸಿದರು. ಇದೇ ಅವರ ಜೀವನದ ಮುಖ್ಯವಾದ ತಿರುವು.

1914ರಲ್ಲಿ ಮೊದಲನೆಯ ಮಹಾಯುದ್ಧವು ಪ್ರಾರಂಭವಾಯಿತು. ಬಾಸೆಲ್ ಮಿಶನರಿಗಳಲ್ಲಿ ಅನೇಕರು ಜರ್ಮನ್ ದೇಶದವರಾದದರಿಂದ ಬ್ರಿಟಿಶ್ ಸರಕಾರದವರು ಅವರನ್ನು ಶತ್ರುಗಳೆಂದೆಣಿಸಿ ಬಂಧನದಲ್ಲಿಟ್ಟು ಬಳಿಕ ದೇಶದಿಂದ ಕಳುಹಿಸಿಬಿಟ್ಟರು. ಎಂಭತ್ತು ವರುಷಗಳಿಂದ ಪರದೇಶದವರ ಕೈಹಿಡಿದು ನಡೆದ ಸಭೆಗಳು ತಟ್ಟನೆ ತಮ್ಮ ಕಾಲಿನ ಮೇಲೆ ನಿಲ್ಲಬೇಕಾಯಿತು. ಅಂಥ ಕಾಲದಲ್ಲಿ ದೇಶೀಯ ಬೋಧಕರ ಮೇಲೆ ಬಿದ್ದ ಭಾರವು ದೊಡ್ಡದು. ಆಗ ಎದ್ದ ಪ್ರಶ್ನೆಯು ಸಂಬಳದ್ದು ಮಾತ್ರವಲ್ಲ. ಹೊರಗಿನಿಂದ ಬಂದವರು ಹೋದ ಮೇಲೆ ಈ ನಂಬಿಕೆಯು ಈ ಮಣ್ಣಿನಲ್ಲಿ ಬೇರೂರಿ ನಿಲ್ಲುವದೋ, ಕುಂಡದಲ್ಲಿ ನೆಟ್ಟ ಗಿಡದಂತೆ ಒಣಗುವದೋ ಎಂಬದೇ ಆ ಪ್ರಶ್ನೆ.

ಚನ್ನಪ್ಪನವರು 1921ರಲ್ಲಿ ಬರೆದ ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಗ್ರಂಥವು ಆ ಪ್ರಶ್ನೆಯೊಡನೆ ಹೋರಾಡುವದು. ಹೆಸರೇ ಅದರ ತಾತ್ಪರ್ಯವನ್ನು ತಿಳಿಸುವದು. ಕಾಶಿಯು ಹಿಂದೂ ಜನರ ಪವಿತ್ರ ನಗರ. ಬೆತ್ಲೆಹೇಮು ಯೇಸು ಹುಟ್ಟಿದ ಚಿಕ್ಕ ಊರು. ಬೆತ್ಲೆಹೇಮು ಕಾಶಿಗೆ ಅಪ್ಪಣೆ ಕೊಡುವದಿಲ್ಲ, ಅದನ್ನು ಗೆಲ್ಲುವದಕ್ಕೆ ದಂಡು ಕಟ್ಟಿಕೊಂಡು ಬರುವದಿಲ್ಲ. ಕೈ ಜೋಡಿಸಿ ವಿನಂತಿಸುವದು. ಯೇಸುವನ್ನು ಈ ದೇಶದವರು ಬಲ್ಲ ಸದ್ಗುರುವೆಂಬ ಹೆಸರಿನಿಂದ ಚನ್ನಪ್ಪನವರು ಪರಿಚಯ ಮಾಡಿಕೊಟ್ಟರು. ಈ ದೇಶದ ಪುರಾತನ ಗ್ರಂಥಗಳನ್ನು ಹಳಿಯದೆ, ಅವುಗಳಲ್ಲಿಯೂ ದೇವರಿಗಾಗಿ ಬಾಯಾರಿದವರ ಕೂಗನ್ನು ಕೇಳಿದರು.

ಆ ಗ್ರಂಥವು ಸುಲಭವಾಗಿ ನುಂಗಲ್ಪಡಲಿಲ್ಲ. ಸಭೆಯೊಳಗೆ ಕೆಲವರಿಗೆ, ಪಾದ್ರಿಯು ಆಚೆಯ ದಡಕ್ಕೆ ಬಹಳ ಸಮೀಪ ಹೋದನೆಂದು ತೋರಿತು. ಹೊರಗಿನವರಲ್ಲಿ ಕೆಲವರಿಗೆ, ಇದು ಹಳೇ ಬಲೆಗೆ ಹೊಸ ನೂಲೆಂದು ತೋರಿತು. ಎರಡು ಮನೆಗಳ ನಡುವೆ ಸೇತುವೆ ಕಟ್ಟುವವನಿಗೆ ಎರಡೂ ಕಡೆಯಿಂದ ಕಲ್ಲು ಬೀಳುವದು ಲೋಕದ ಪದ್ಧತಿ. ಆದರೂ ಚನ್ನಪ್ಪನವರು ಸಭೆಯನ್ನು ಬಿಡಲಿಲ್ಲ, ತಮ್ಮ ವಿಚಾರವನ್ನೂ ಬಿಡಲಿಲ್ಲ. ಎರಡನ್ನೂ ಹಿಡಿದುಕೊಂಡು ನಡೆಯುವದು ಒಂದನ್ನು ಬಿಟ್ಟು ಓಡುವದಕ್ಕಿಂತ ಕಷ್ಟವಾದದ್ದು.

ಈಗ ಸರ್ವಜ್ಞನ ಕಡೆಗೆ ಬರೋಣ. ಅವನ ಕಾಲವನ್ನು ಪಂಡಿತರು ಸುಮಾರಾಗಿ 16ನೆಯ ಅಥವಾ 17ನೆಯ ಶತಮಾನವೆಂದು ಎಣಿಸುವರು. ಜನರ ಕಥೆಯು ಹೀಗಿದೆ. ಮಾಸೂರಿನ ಬಸವರಸನೆಂಬ ಬ್ರಾಹ್ಮಣನು ಮಕ್ಕಳಿಲ್ಲದೆ ಕಾಶಿಯಾತ್ರೆಗೆ ಹೋಗಿ, ತಿರಿಗಿ ಬರುವಾಗ ಅಬಲೂರಿನಲ್ಲಿ ಕುಂಬಾರರ ಮಾಳಿಯ ಮನೆಯಲ್ಲಿ ಇಳುಕೊಂಡನು; ಆ ಮಾಳಿಯ ಮಗನೇ ಸರ್ವಜ್ಞನು. ಕುಂಬಾರರ ಕೇರಿಯಲ್ಲಿ ಬೆಳೆದ ಆ ಹುಡುಗನು ಮನೆಯನ್ನು ಬಿಟ್ಟು ತಿರುಕನಾಗಿ ಊರೂರು ಅಲೆದನು. ಅಬಲೂರು ಅವನಿಗಿಂತ ಮುಂಚೆಯೇ ಹೆಸರಾದ ಊರು. ಏಕಾಂತದ ರಾಮಯ್ಯನ ಚರಿತ್ರೆಯನ್ನು ಕೊರೆದ ಪುರಾತನ ಶಾಸನವು ಅಲ್ಲಿಯ ಸೋಮೇಶ್ವರ ಗುಡಿಯಲ್ಲಿದೆ. ಮಾಸೂರು ಕುಮುದ್ವತಿ ಹೊಳೆಯ ಬಳಿಯಲ್ಲಿದ್ದು, ಮದಗದ ಕೆರೆಯಿಂದ ಪ್ರಸಿದ್ಧವಾಗಿದೆ. 1997ರಲ್ಲಿ ಹಾವೇರಿಯು ಬೇರೆ ಜಿಲ್ಲೆಯಾದ ಮೇಲೆ ಈ ಊರುಗಳು ಅದಕ್ಕೆ ಸೇರಿದವು. ಚನ್ನಪ್ಪನವರ ಕಾಲದಲ್ಲಿ ಅವು ಧಾರವಾಡ ಜಿಲ್ಲೆಯವು.

ಸರ್ವಜ್ಞನು ತನ್ನ ಮಾತನ್ನು ತ್ರಿಪದಿಯಲ್ಲಿ ಹೇಳಿದನು. ಮೂರು ಸಾಲಿನ ಈ ಮಟ್ಟು ಕನ್ನಡದಲ್ಲಿ ಬಹು ಹಳೇದು. ಬಾದಾಮಿಯ ಬಂಡೆಯ ಮೇಲೆ ಸುಮಾರು 700ನೆಯ ಇಸವಿಯಲ್ಲಿ ಕೊರೆದ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಸಿಕ್ಕುವದು. ನಮ್ಮ ಹೆಣ್ಣುಮಕ್ಕಳು ಬೆಳಗಿನ ಜಾವದಲ್ಲಿ ಬೀಸುತ್ತಾ ಹಾಡುತ್ತಿದ್ದ ಪದಗಳ ಮಟ್ಟೂ ಅದೇ. ಆದದರಿಂದ ಸರ್ವಜ್ಞನ ಪದವು ಒಮ್ಮೆ ಕಿವಿಗೆ ಬಿದ್ದರೆ ನಾಲಿಗೆಯನ್ನು ಬಿಡುವದಿಲ್ಲ. ಪರದೇಶದವರೂ ಇದನ್ನು ಕೇಳಿದ್ದರು; ಮೈಸೂರ ಸೀಮೆಯಲ್ಲಿ ಬಹು ವರುಷ ಇದ್ದ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಯು ಹಿಂದೂ ಜನರ ನಡಾವಳಿಗಳ ಮೇಲೆ ಬರೆದ ಗ್ರಂಥದಲ್ಲಿ ತೆಲುಗಿನ ವೇಮನನ ಜೊತೆಗೆ ಸರ್ವಜ್ಞಮೂರ್ತಿಯ ಹೆಸರನ್ನೂ ಸೂಚಿಸಿದ್ದನು.

ಆದರೆ ಬಾಯಿಯಲ್ಲಿ ಉಳಿದ ಮಾತಿಗೆ ಒಂದು ಅಪಾಯವುಂಟು. ಒಬ್ಬನು ಒಂದು ಶಬ್ದವನ್ನು ಬಿಡುವನು, ಮತ್ತೊಬ್ಬನು ತನ್ನದೊಂದನ್ನು ಸೇರಿಸುವನು. ಬೇರೆಯವರ ಪದವೂ ಸರ್ವಜ್ಞನ ಹೆಸರಿನಲ್ಲಿ ನಡೆಯುವದು. ತಾಡವೋಲೆಯಲ್ಲಿ ಬರೆದದ್ದು ಹುಳ ತಿಂದು, ಹೊಗೆ ಹಿಡಿದು, ಅಟ್ಟದ ಮೇಲೆ ಬಿದ್ದಿರುವದು. ಮುದುಕನೊಬ್ಬನು ಸತ್ತರೆ ಅವನ ಕೂಡ ಎಷ್ಟೋ ಪದಗಳು ಮಣ್ಣಿಗೆ ಹೋಗುವವು. ಇದನ್ನರಿತು ಚನ್ನಪ್ಪನವರು ಕೂಡಿಸಲಾರಂಭಿಸಿದರು. ಓಲೆಗಳಲ್ಲಿ, ಕೈಬರಹದ ಪುಸ್ತಕಗಳಲ್ಲಿ, ಜನರ ನಾಲಿಗೆಯ ಮೇಲೆ ಎಲ್ಲೆಲ್ಲಿ ಪದವಿತ್ತೋ ಅಲ್ಲಲ್ಲಿ ಹುಡುಕಿದರು. ಕೂಡಿಸುವದಕ್ಕಿಂತ ಕಷ್ಟವಾದ ಕೆಲಸವು ವಿಂಗಡಿಸುವದು. ಪಾಠಕ್ಕೆ ಪಾಠವನ್ನು ಹೋಲಿಸಿ, ಸರಿಯಾದದ್ದಾವದೆಂದು ವಿಚಾರಿಸಿ, ಗುರು, ದಾನ, ಅನ್ನ, ಒಕ್ಕಲುತನ, ಜಾತಿ, ನೀತಿ, ಒಗಟು ಎಂದು ವಿಷಯಾನುಸಾರವಾಗಿ ಕಟ್ಟುವದು ವರುಷಗಳ ಕೆಲಸ. ಅದೂ ಸಭೆಯ ಕೆಲಸವು ಮುಗಿದ ಮೇಲೆ, ರಾತ್ರಿಯ ದೀಪದಲ್ಲಿ ಮಾಡಬೇಕಾದದ್ದು. 1924ರಲ್ಲಿ ಗ್ರಂಥವು ಹೊರಟಾಗ ಅದರಲ್ಲಿ ಸುಮಾರು 2000 ವಚನಗಳಿದ್ದವು. ಅಂದಿನಿಂದ ಸರ್ವಜ್ಞನ ಮೇಲೆ ಬರೆದವರಲ್ಲಿ ಆ ಗ್ರಂಥದ ಋಣವಿಲ್ಲದವರು ವಿರಳ.

ಇಲ್ಲಿ ಒಂದು ಪ್ರಶ್ನೆಯನ್ನು ಮುಚ್ಚಿಡಬಾರದು. ಸುವಾರ್ತೆಯನ್ನು ಸಾರುವದಕ್ಕೆ ನೇಮಿಸಲ್ಪಟ್ಟವನು ಶೈವ ಕವಿಯ ವಚನಗಳನ್ನು ಕೂಡಿಸುವದರಲ್ಲಿ ಕಾಲವನ್ನು ಕಳೆಯುವದು ಯೋಗ್ಯವೋ? ಸಭೆಯ ಕಾಣಿಕೆಯಿಂದ ಜೀವಿಸುವವನ ಹೊತ್ತು ಸಭೆಯದಲ್ಲವೇ? ಹಳ್ಳಿಯ ಸಭಿಕನು ಹೀಗೆ ಕೇಳಿದರೆ ಅದು ತಪ್ಪಲ್ಲ. ಇದಕ್ಕೆ ಚನ್ನಪ್ಪನವರ ಜೀವನವೇ ಉತ್ತರ ಕೊಡುವದು. ತನ್ನ ನೆರೆಯವನ ಮನೆಯಲ್ಲಿ ಒಳ್ಳೇದೇನಿದೆಯೆಂದು ತಿಳಿಯದವನು ಆ ನೆರೆಯವನಿಗೆ ಒಳ್ಳೇ ಸುದ್ದಿಯನ್ನು ಹೇಳಲಾರನು. ಸರ್ವಜ್ಞನು ಕಪಟ ಗುರುಗಳನ್ನು ಬೈದನು, ಕುಲದ ಹೆಮ್ಮೆಯನ್ನು ಮುರಿದನು, ಹಸಿದವನಿಗೆ ಅನ್ನವನ್ನಿಡದವನ ಪೂಜೆಯನ್ನು ತಿರಸ್ಕರಿಸಿದನು. ಈ ಮಾತುಗಳನ್ನು ಪ್ರೀತಿಸುವ ಪಾದ್ರಿಯನ್ನು ಕಂಡಾಗ ಹಳ್ಳಿಯವನು ಅವನನ್ನು ಪರಕೀಯನೆಂದು ಎಣಿಸಲಿಲ್ಲ. ಸಭೆಗೂ ಇದರಿಂದ ನಷ್ಟವಾಗಲಿಲ್ಲ. ತಾನು ಕನ್ನಡಿಗನೆಂದು ತಲೆಯೆತ್ತಿ ಹೇಳುವದಕ್ಕೆ ಕ್ರೈಸ್ತನಿಗೆ ಅಡ್ಡಿಯಿಲ್ಲವೆಂಬದನ್ನು ಅವನ ಬೋಧಕನು ಮಾಡಿ ತೋರಿಸಿದನು.

ಆ ಕೆಲಸವು ಎಷ್ಟು ದೂರ ಹೋಯಿತೆಂಬದಕ್ಕೆ ಒಂದು ಸಂಗತಿಯನ್ನು ನೋಡಿರಿ. 2009ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತಮಿಳರ ತಿರುವಳ್ಳುವರನ ಪ್ರತಿಮೆಯೂ, ಅದೇ ತಿಂಗಳಲ್ಲಿ ಚೆನ್ನೈಯಲ್ಲಿ ಕನ್ನಡಿಗರ ಸರ್ವಜ್ಞನ ಪ್ರತಿಮೆಯೂ ಸ್ಥಾಪಿಸಲ್ಪಟ್ಟವು. ಎರಡು ರಾಜ್ಯಗಳು ಸ್ನೇಹದ ಗುರುತಾಗಿ ಕೊಟ್ಟುಕೊಳ್ಳುವದಕ್ಕೆ ಆರಿಸಿಕೊಂಡದ್ದು ಅರಸರನ್ನಲ್ಲ, ಸೇನಾಪತಿಗಳನ್ನಲ್ಲ, ಇಬ್ಬರು ನೀತಿ ಹೇಳಿದವರನ್ನು. ಅಬಲೂರಿನ ಕುಂಬಾರರ ಕೇರಿಯಿಂದ ಚೆನ್ನೈಯ ವರೆಗಿನ ಆ ದಾರಿಯಲ್ಲಿ ಒಂದು ಹಂತವನ್ನು ಧಾರವಾಡದ ಪಾದ್ರಿಯೊಬ್ಬರು ಕಟ್ಟಿದರೆಂಬದನ್ನು ನಾವು ಮರೆಯಬಾರದು.

ಚನ್ನಪ್ಪನವರ ಮನಸ್ಸು ಪುಸ್ತಕಗಳಲ್ಲಿಯೇ ಮುಳುಗಿರಲಿಲ್ಲ. ಬಸವೇಶ್ವರನೂ ಅಸ್ಪೃಶ್ಯರ ಉದ್ಧಾರವೂ ಎಂಬ ಹೆಸರಿನ ಪುಸ್ತಕವನ್ನು ಅವರು ಬರೆದರು. ಊರ ಹೊರಗಣ ಕೇರಿಗಳ ದುಃಖವನ್ನು ಮಿಶನ್ ಬೋಧಕರು ಪ್ರತಿದಿನವೂ ಕಣ್ಣಾರೆ ಕಾಣುತ್ತಿದ್ದರು. ಆ ದುಃಖದ ಪರಿಹಾರಕ್ಕೆ ಪರದೇಶದ ದೃಷ್ಟಾಂತಗಳನ್ನು ಮಾತ್ರ ಹುಡುಕದೆ, 12ನೆಯ ಶತಮಾನದಲ್ಲಿ ಇದೇ ನಾಡಿನಲ್ಲಿ ಕೀಳೆನಿಸಿಕೊಂಡವರನ್ನು ಸಹೋದರರೆಂದು ಅಪ್ಪಿಕೊಂಡ ಬಸವಣ್ಣನನ್ನು ಅವರು ನಾಡವರಿಗೆ ನೆನಪಿಗೆ ತಂದರು. ಬಸವಣ್ಣನ ಹೆಸರನ್ನು ಹೇಳಿಕೊಂಡೂ ಜಾತಿಯನ್ನು ಬಿಡದವರಿಗೆ ಇದು ಚುಚ್ಚುವ ಮಾತಾಯಿತು. ಯೇಸುವಿನ ಹೆಸರನ್ನು ಹೇಳಿಕೊಂಡೂ ಪಂಕ್ತಿಯಲ್ಲಿ ಭೇದ ಮಾಡುವವರಿಗೂ ಅದು ಚುಚ್ಚದೆ ಇರದು.

ಹೀಗೆ ವರುಷಗಳು ಕಳೆದವು. ವಯಸ್ಸಾದ ಮೇಲೆ ಚನ್ನಪ್ಪನವರು ಸಭಾಪಾಲನೆಯ ಕೆಲಸದಿಂದ ವಿಶ್ರಾಂತಿ ಹೊಂದಿದರು. ವಿಶ್ರಾಂತಿ ಎಂಬ ಶಬ್ದವು ಮೃದುವಾದದ್ದು. ಅದರೊಳಗಿನ ಸಂಗತಿಯು ಅಷ್ಟು ಮೃದುವಲ್ಲ. ಬೋಧಕನಿಗೆ ಸ್ವಂತ ಹೊಲವಿರುವದು ಅಪರೂಪ. ಇರುವ ಮನೆಯೂ ಮಿಶನಿನದು. ಮೂವತ್ತು ವರುಷ ಆದಿತ್ಯವಾರದ ಗಂಟೆಯನ್ನು ಕೇಳಿ ಎದ್ದವನಿಗೆ, ಗಂಟೆಯು ಹೊಡೆದರೂ ತಾನು ಪೀಠವನ್ನು ಹತ್ತಬೇಕಾದದ್ದಿಲ್ಲವೆಂಬದು ಮೊದಮೊದಲು ವಿಚಿತ್ರವಾಗಿರುವದು. ಜನರು ತಮ್ಮ ಕಷ್ಟಗಳನ್ನು ಹೇಳಿಕೊಳ್ಳುವದಕ್ಕೆ ಹೊಸ ಪಾದ್ರಿಯ ಮನೆಗೆ ಹೋಗುವರು, ಹೋಗಬೇಕಾದದ್ದೂ ಸರಿ. ಹಳಬನು ಅಡ್ಡ ಬಂದರೆ ಸಭೆಯು ಎರಡಾಗುವದು. ಹಳಬನು ಮನಸ್ಸನ್ನೇ ಮುಚ್ಚಿಕೊಂಡರೆ ಅವನೇ ಒಣಗಿಹೋಗುವನು. ಈ ಇಕ್ಕಟ್ಟಾದ ದಾರಿಯಲ್ಲಿ ನಡೆದು ಎಡವಿದವರು ಬಹು ಮಂದಿ.

ಚನ್ನಪ್ಪನವರು ಎಡವಲಿಲ್ಲ. ಸಭೆಗಳ ಆಡಳಿತವು ಬೇರೆಯವರ ಕೈಗೆ ಹೋದ ಬಳಿಕ, ಸಭಾಪಾಲನೆಯ ಕಾಲದಲ್ಲಿ ಹಳ್ಳಿಗಳಿಂದ ಕೇಳಿ ಕೂಡಿಸಿಕೊಂಡಿದ್ದ ಜ್ಞಾನವನ್ನು ಅವರು ನಾಡಿಗೆ ತಿರಿಗಿ ಕೊಡಲಾರಂಭಿಸಿದರು. ಅವರ ದೊಡ್ಡ ಗ್ರಂಥಗಳಲ್ಲಿ ಹೆಚ್ಚಿನವು ಎಪ್ಪತ್ತು ವರುಷದ ಆಸುಪಾಸಿನಲ್ಲಿ, ಇತರರು ಮೂಲೆಯಲ್ಲಿ ಕೂತು ದಿನ ಎಣಿಸುವ ಪ್ರಾಯದಲ್ಲಿ ಹೊರಬಂದವು.

1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ 32ನೆಯ ಅಧಿವೇಶನವು ಗುಲಬರ್ಗೆಯಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ ಕೂಡಿತು. ಅದಕ್ಕೆ ಅಧ್ಯಕ್ಷರಾಗಿ ಚನ್ನಪ್ಪನವರು ಆರಿಸಲ್ಪಟ್ಟರು. ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೆನಸಬೇಕು. ಹೈದರಾಬಾದ ಸಂಸ್ಥಾನವು 1948ರ ಸಪ್ಟಂಬರದಲ್ಲಿ ಭಾರತಕ್ಕೆ ಸೇರಿ ಇನ್ನೂ ಹೆಚ್ಚು ದಿನಗಳಾಗಿರಲಿಲ್ಲ. ಜನರ ಗಾಯಗಳು ಆರಿರಲಿಲ್ಲ. ಕನ್ನಡ ನಾಡು ಮುಂಬಯಿ, ಮದ್ರಾಸ, ಹೈದರಾಬಾದ, ಮೈಸೂರು, ಕೊಡಗು ಎಂದು ಹರಿದ ಬಟ್ಟೆಯಂತೆ ಹಂಚಿಹೋಗಿತ್ತು. ಮತಮತಗಳ ನಡುವೆ ಸಂಶಯವು ತುಂಬಿದ್ದ ಅಂಥ ಕಾಲದಲ್ಲಿ ಒಬ್ಬ ಕ್ರೈಸ್ತ ಪಾದ್ರಿಯನ್ನು ಕನ್ನಡಿಗರು ತಮ್ಮ ನುಡಿಯ ಪೀಠದಲ್ಲಿ ಕೂರಿಸಿದರು. ಅವರು ತಮ್ಮ ನಂಬಿಕೆಯನ್ನು ಮರೆಮಾಡಿ ಆ ಪೀಠಕ್ಕೆ ಬಂದವರಲ್ಲ. ಹಳಕಟ್ಟಿಯವರು 1926ರಲ್ಲಿ ಬಳ್ಳಾರಿಯಲ್ಲಿ ಅದೇ ಸ್ಥಾನದಲ್ಲಿ ಕೂತಿದ್ದರು. ಧಾರವಾಡದ ಎರಡನೆಯ ಮಗುವಿಗೆ ಇಪ್ಪತ್ತಮೂರು ವರುಷಗಳ ಬಳಿಕ ಆ ಗೌರವವು ದೊರಕಿತು.

ಗೌರವವು ಕೆಲಸವನ್ನು ನಿಲ್ಲಿಸಲಿಲ್ಲ. 1950ರಲ್ಲಿ ಅವರು ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯ ವಚನಗಳನ್ನು ಹೊರತಂದರು. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆಯನ್ನು ಹೊತ್ತು ಜೀವಿಸಿದರೆಂದು ಹೇಳಲ್ಪಡುವ ದಂಪತಿಗಳು ಅವರು. ಕಲ್ಯಾಣದಲ್ಲಿ ಶರಣರು ಕೂಡುತ್ತಿದ್ದರೆನ್ನುವ ಅನುಭವ ಮಂಟಪವು ನಿಜವಾಗಿ ಇತ್ತೋ, ಬರೀ ಕಲ್ಪನೆಯೋ ಎಂದು ಪಂಡಿತರಲ್ಲಿ ವಾದವೆದ್ದಾಗ, ಚನ್ನಪ್ಪನವರು 1951ರಲ್ಲಿ ಅನುಭವ ಮಂಟಪದ ಐತಿಹಾಸಿಕತೆ ಎಂಬ ಗ್ರಂಥವನ್ನು ಬರೆದು, ಅದು ಇತ್ತೆಂಬ ಪಕ್ಷವನ್ನು ಹಿಡಿದು ಆಧಾರಗಳನ್ನು ಜೋಡಿಸಿದರು. ವೀರಶೈವರ ಮನೆಯ ವ್ಯಾಜ್ಯದಲ್ಲಿ ಪಾದ್ರಿಯು ಸಾಕ್ಷಿಯಾಗಿ ನಿಂತದ್ದು ಎಷ್ಟು ವಿಶೇಷವಾದ ಸಂಗತಿ! ಅವರಿಗೆ ಬೇಕಾದದ್ದು ಗೆಲುವಲ್ಲ, ಸತ್ಯ.

1955ರಲ್ಲಿ ಸಿದ್ಧರಾಮ ಸಾಹಿತ್ಯ ಸಂಗ್ರಹವು ಹೊರಟಿತು. ಸೊನ್ನಲಿಗೆಯಲ್ಲಿ, ಈಗಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿ ಬಾಯಾರಿದವರಿಗೆ ನೀರು ಕೊಟ್ಟ ಶರಣನು ಸಿದ್ಧರಾಮ. 1957ರಲ್ಲಿ ಭೂಸನೂರಮಠರ ಜೊತೆಯಲ್ಲಿ ಆದಯ್ಯನ ವಚನಗಳನ್ನು ಪ್ರಕಟಿಸಿದರು. ಈ ಆದಯ್ಯನು ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದು ಪುಲಿಗೆರೆಯಲ್ಲಿ ನೆಲೆಸಿ, ಅಲ್ಲಿ ಸೋಮನಾಥನನ್ನು ಸ್ಥಾಪಿಸಿದನೆಂದು ಕಥೆಯುಂಟು. ಪುಲಿಗೆರೆಯೆಂದರೆ ಸವಣೂರು, ಶಿಗ್ಗಾಂವಿಗಳಿಗೆ ನೆರೆಯಾದ ಲಕ್ಷ್ಮೇಶ್ವರವೇ. ಹೀಗೆ ಈ ಸೀಮೆಯ ಋಣವನ್ನು ಮುದಿಪ್ರಾಯದಲ್ಲಿಯೂ ಅವರು ತೀರಿಸುತ್ತಲೇ ಇದ್ದರು. ಆಗ ಅವರಿಗೆ ಎಪ್ಪತ್ತಾರು ವರುಷ.

ಚನ್ನಪ್ಪನವರಿಗೆ ತಿರುಳ್ಗನ್ನಡದ ತಿರುಕರೆಂಬ ಹೆಸರು ನಿಂತಿತು. ಈ ಹೆಸರಿನ ಅರ್ಥವನ್ನು ಹಳ್ಳಿಯ ವಾಚಕರಿಗೋಸ್ಕರ ಬಿಡಿಸಬೇಕು. ಕನ್ನಡದಲ್ಲಿ ಸಿಕ್ಕಿರುವ ಗ್ರಂಥಗಳಲ್ಲೆಲ್ಲಾ ಹಳೇದಾದ ಕವಿರಾಜಮಾರ್ಗವು 9ನೆಯ ಶತಮಾನದ್ದು. ಅದರಲ್ಲಿ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ಸೀಮೆಯನ್ನು ಕನ್ನಡದ ತಿರುಳೆಂದು ಹೇಳಿದೆ. ಆ ತಿರುಳಿನ ನಾಡಿನಲ್ಲಿ ಜೋಳಿಗೆ ಹಿಡಿದು ಮಾತಿನ ಭಿಕ್ಷೆಯನ್ನು ಬೇಡಿದವರೆಂದು ಆ ಹೆಸರಿನ ಭಾವ. ಸರ್ವಜ್ಞನೂ ತಿರುಕನೇ. ಅವನು ಊರೂರಿಗೆ ಹಂಚಿಹೋದ ಮಾತುಗಳನ್ನು ಮತ್ತೊಬ್ಬ ತಿರುಕನು ಊರೂರು ಬೇಡಿ ತಂದನು. ದೊಡ್ಡ ಪೀಠವನ್ನು ಕಂಡವರಿಗೆ ಭಿಕ್ಷುಕನ ಹೆಸರು ಒಪ್ಪಿತೆಂಬದೇ ಅವರ ದೀನತೆಗೆ ಸಾಕ್ಷಿ.

ಕನ್ನಡ ನಾಡುಗಳು 1956ರ ನವಂಬರ 1ರಂದು ಒಂದೇ ರಾಜ್ಯವಾದದ್ದನ್ನು ಚನ್ನಪ್ಪನವರು ಕಂಡರು. 1962ನೆಯ ಇಸವಿಯ ಆಗಸ್ಟ್ 28ನೆಯ ತಾರೀಖಿನಲ್ಲಿ, ಎಂಭತ್ತು ವರುಷಗಳನ್ನು ತುಂಬಿಸಿ, ಅವರು ತಮ್ಮ ಓಟವನ್ನು ಮುಗಿಸಿ ಕರ್ತನಲ್ಲಿ ನಿದ್ರೆ ಹೋದರು.

ಪ್ರಿಯ ಸಭಿಕರೇ, ಮೊದಲಿನ ಎರಡು ಪ್ರಶ್ನೆಗಳಿಗೆ ಈಗ ತಿರುಗೋಣ. ಹೋದ ಪಾಲಕನಿಂದ ಸಭೆಗೆ ಉಳಿಯುವದು ಅವನ ಪ್ರಸಂಗಗಳ ಶಬ್ದಗಳಲ್ಲ; ಅವುಗಳಲ್ಲಿ ಬಹಳವು ಮರೆತುಹೋಗುವವು. ನೆರೆಯವನನ್ನು ಅವನು ಹೇಗೆ ನೋಡಿದನೋ ಆ ನೋಟವು ಉಳಿಯುವದು. ಚನ್ನಪ್ಪನವರು ತಮ್ಮ ಸಭೆಗಳಿಗೆ ಊರಿನ ಕಡೆಗೆ ತೆರೆದ ಕಿಟಿಕಿಯನ್ನು ಬಿಟ್ಟುಹೋದರು. ಅದನ್ನು ಮುಚ್ಚುವದೂ ತೆರೆದಿಡುವದೂ ನಮ್ಮ ಕೈಯಲ್ಲಿದೆ.

ಮಂದೆಯಿಲ್ಲದ ಕುರುಬನ ವಿಷಯವಾಗಿ ಸಭೆಗೂ ಒಂದು ಕರ್ತವ್ಯವುಂಟು. ಬಹು ವರುಷ ಸೇವೆ ಮಾಡಿದ ಪಾದ್ರಿಯು ನಿಮ್ಮ ಊರಿನಿಂದ ವಿಶ್ರಾಂತಿಗೆ ಹೊರಡುವಾಗ ಶಾಲು ಹೊದಿಸಿ ಕಳುಹಿಸುವದು ಸುಲಭ. ಅವನ ಎದೆಯಲ್ಲಿ ತುಂಬಿಕೊಂಡಿರುವ ನಿಮ್ಮ ಹಿರಿಯರ ಕಥೆಗಳು, ನಿಮ್ಮ ಊರಿನ ಪದಗಳು, ಬರಗಾಲದಲ್ಲಿ ಸಭೆಯು ಉಳಿದ ಬಗೆ, ಇವುಗಳನ್ನು ಕೇಳಿ ಬರೆದಿಟ್ಟುಕೊಂಡಿರೋ? ನಿಮ್ಮಲ್ಲಿ ಬರೆಯಬಲ್ಲ ಒಬ್ಬ ಯೌವನಸ್ಥನನ್ನು ನೇಮಿಸಿ, ಹೊರಡುವ ಮುಂಚೆ ನಾಲ್ಕು ಸಂಜೆ ಅವನ ಬಳಿಯಲ್ಲಿ ಕೂತುಕೊಳ್ಳುವಂತೆ ಮಾಡಿರಿ. ಸಭೆಯ ಪುಸ್ತಕಗಳಲ್ಲಿ ಇಲ್ಲದ್ದು ಅವನಲ್ಲಿ ಇರುವದು. ಅವನು ಹೋದ ಮೇಲೆ ಅದು ಮತ್ತೆಲ್ಲಿಯೂ ಸಿಕ್ಕುವದಿಲ್ಲ. ಬಾಯಿಯಲ್ಲಿರುವದು ಬಾಯಿಯೊಡನೆ ಮಣ್ಣಿಗೆ ಹೋಗುವದಕ್ಕೆ ಮುಂಚೆ ಅದನ್ನು ಹಿಡಿದಿಡಬೇಕೆಂಬದನ್ನು ಉತ್ತಂಗಿಯವರು ತಮ್ಮ ಆಯುಷ್ಯದಿಂದಲೇ ನಮಗೆ ಕಲಿಸಿದ್ದಾರೆ.